ಒಂದೇ ಯಂತ್ರ, ಮೂರು ಹೆಸರು: ಕ್ವಾಡ್ ಬೈಕ್‌ಗಳ ತುಲನಾತ್ಮಕ ಪರೀಕ್ಷೆ ಮತ್ತು ಪ್ರಾಮಾಣಿಕತೆಯ ಪ್ರಶ್ನೆ

2004ನೇ ಇಸವಿಯಲ್ಲಿ ಅಮೆರಿಕದ ಕ್ವಾಡ್ ಬೈಕ್ ಮಳಿಗೆಗಳಲ್ಲಿ ಒಂದೇ ಯಂತ್ರವು ಮೂರು ಹೆಸರುಗಳಿಂದ ಮಾರಾಟವಾಗುತ್ತಿತ್ತು. ಸುಝುಕಿ ಮಳಿಗೆಯಲ್ಲಿ ಅದರ ಹೆಸರು ಕ್ವಾಡ್‌ಸ್ಪೋರ್ಟ್ ಝಡ್400. ಕವಾಸಾಕಿ ಮಳಿಗೆಯಲ್ಲಿ ಅದೇ ಯಂತ್ರ ಹಸಿರು ಬಣ್ಣ ತೊಟ್ಟು ಕೆ.ಎಫ್.ಎಕ್ಸ್.400 ಆಗಿತ್ತು. ಮಿನ್ನೆಸೋಟಾ ರಾಜ್ಯದ ಆರ್ಕ್ಟಿಕ್ ಕ್ಯಾಟ್ ಕಂಪನಿಯ ಮಳಿಗೆಗೆ ಹೋದರೆ ಡಿ.ವಿ.ಎಕ್ಸ್.400 ಎಂಬ ಹೆಸರು. ವಿನ್ಯಾಸ ಮೂಲತಃ ಸುಝುಕಿಯದು. ಎಂಜಿನ್, ಚೌಕಟ್ಟು, ಗೇರ್ ಪೆಟ್ಟಿಗೆ ಎಲ್ಲವೂ ಒಂದೇ. ಹೊರಮೈಯ ಪ್ಲಾಸ್ಟಿಕ್ ಹೊದಿಕೆ, ಬಣ್ಣ, ಸ್ಟಿಕ್ಕರುಗಳು ಮಾತ್ರ ಬೇರೆ. ಕಂಪನಿಗಳ ನಡುವಣ ವ್ಯಾಪಾರಿ ಒಪ್ಪಂದದ ಫಲವಿದು. ಒಂದೇ ಕಾರ್ಖಾನೆಯ ಮಾಲು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಅಂಗಡಿ ಸೇರುವುದು ನಮ್ಮ ವರ್ತಕರಿಗೂ ಹೊಸ ಸಂಗತಿಯಲ್ಲ.

ಈಗ ಈ ಮೂರನ್ನೂ ಒಂದೇ ದಿನ, ಒಂದೇ ಮಣ್ಣಿನ ಅಂಕಣದಲ್ಲಿ ಓಡಿಸಿ ಹೋಲಿಸಿದರೆ ಏನಾಗಬೇಕು? ಫಲಿತಾಂಶ ಮೂರಕ್ಕೂ ಒಂದೇ ಆಗಬೇಕು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಒಂದು ಸುತ್ತಿಗೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಹೆಚ್ಚುಕಡಿಮೆ ಬಂದೇ ಬರುತ್ತದೆ. ಒಂದರ ಶಾಕ್ ಅಬ್ಸಾರ್ಬರ್ ಮೃದುವೆಂದೂ ಇನ್ನೊಂದರ ಎಂಜಿನ್ ಚುರುಕೆಂದೂ ಸವಾರನಿಗೆ ಅನ್ನಿಸಬಹುದು. ಆದರೆ ಆ ವ್ಯತ್ಯಾಸವು ಯಂತ್ರದ್ದಲ್ಲ. ಟೈರಿನ ಗಾಳಿಯದು, ಅಂಕಣದ ತೇವದ್ದು, ಸವಾರನ ಆಯಾಸದ್ದು ಅಥವಾ ಬಣ್ಣದ ಮೇಲಿನ ಅವನ ಒಲವಿನದು. ಆದ್ದರಿಂದ ಈ ಮೂರು ಅವಳಿಗಳು ಪರೀಕ್ಷಕನನ್ನೇ ಪರೀಕ್ಷಿಸುವ ಅಳತೆಗೋಲಾಗುತ್ತವೆ. ಅವುಗಳ ನಡುವೆ ಎಷ್ಟು ಅಂತರ ಕಂಡುಬರುವುದೋ ಅಷ್ಟು ಆ ಪರೀಕ್ಷೆಯ ದೋಷ. ಅದಕ್ಕಿಂತ ಕಡಿಮೆ ಅಂತರವನ್ನು ಮುಂದಿಟ್ಟುಕೊಂಡು ಇಬ್ಬರು ನಿಜವಾದ ಪ್ರತಿಸ್ಪರ್ಧಿಗಳಲ್ಲಿ ಒಬ್ಬನನ್ನು ಗೆದ್ದವನೆಂದು ಘೋಷಿಸುವುದಕ್ಕೆ ಆಧಾರವಿಲ್ಲ.

ತುಲನಾತ್ಮಕ ಪರೀಕ್ಷೆ ನಡೆಸುವ ಬಹುತೇಕರು ಈ ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ. ತೂಗುವ ಮುನ್ನ ತಕ್ಕಡಿಯ ಎರಡೂ ತಟ್ಟೆಗಳು ಸಮನಾಗಿ ನಿಲ್ಲುತ್ತವೆಯೇ ಎಂದು ನೋಡುವ ಅಭ್ಯಾಸ ಕಿರಾಣಿ ಅಂಗಡಿಯವನಿಗಿದೆ. ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರಗಳ ಹಣೆಬರಹ ಬರೆಯುವವರಿಗೆ ಅದು ಇಲ್ಲದಿರುವುದು ವಿಚಿತ್ರ.

ಒಂದು ದಶಕದ ಪೈಪೋಟಿ

ನಮ್ಮ ನಾಡಿನಲ್ಲಿ ಕ್ವಾಡ್ ಬೈಕ್ ಎಂದರೆ ಕೊಡಗಿನ ಕೆಲವು ರೆಸಾರ್ಟುಗಳಲ್ಲಿ ಪ್ರವಾಸಿಗರು ಕೆಸರಿನ ಹಾದಿಯಲ್ಲಿ ಓಡಿಸುವ, ನಾಲ್ಕು ದಪ್ಪ ಚಕ್ರಗಳ, ಹ್ಯಾಂಡಲ್ ಹಿಡಿದು ನಡೆಸುವ ವಾಹನ. ಅಮೆರಿಕದಲ್ಲಿ ಅದು ದೊಡ್ಡ ಉದ್ಯಮ. ಹೋಂಡಾ ಕಂಪನಿ 1970ರಲ್ಲಿ ಮೂರು ಚಕ್ರದ ಮಾದರಿಯಿಂದ ಈ ವ್ಯಾಪಾರವನ್ನು ಆರಂಭಿಸಿತು. 1980ರ ದಶಕದ ಆದಿಯಲ್ಲಿ ಸುಝುಕಿ ನಾಲ್ಕು ಚಕ್ರದ ಯಂತ್ರವನ್ನು ತಂದಿತು. 1985ರಲ್ಲಿ ಓಟದ ಸ್ಪರ್ಧೆಗೆಂದೇ ರೂಪಿಸಿದ ಎಲ್.ಟಿ.250ಆರ್ ಬಂದಿತು. ಮೂರು ಚಕ್ರದ ವಾಹನಗಳು ಮಗುಚಿ ಸಾವುನೋವುಗಳು ಹೆಚ್ಚಿದ ಕಾರಣ 1988ರಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದೊಡನೆ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ ತಯಾರಕರು ಅವುಗಳ ಮಾರಾಟವನ್ನು ನಿಲ್ಲಿಸಿದರು.

ನಿಜವಾದ ಪೈಪೋಟಿ ಮೊದಲಾದದ್ದು 2004ರ ಮಾದರಿಗಳಿಂದ. ಯಮಹಾ ಕಂಪನಿಯ ವೈ.ಎಫ್.ಝಡ್.450, ಹೋಂಡಾದ ಟಿ.ಆರ್.ಎಕ್ಸ್.450ಆರ್ ಒಂದೇ ವರ್ಷ ಕಣಕ್ಕಿಳಿದವು. 2006ರಲ್ಲಿ ಸುಝುಕಿಯ ಎಲ್.ಟಿ.-ಆರ್450, 2008ರಲ್ಲಿ ಕವಾಸಾಕಿಯ ಕೆ.ಎಫ್.ಎಕ್ಸ್.450ಆರ್ ಮತ್ತು ಕ್ಯಾನ್-ಆಮ್ ಕಂಪನಿಯ ಡಿ.ಎಸ್.450 ಸೇರಿಕೊಂಡವು. ಪೋಲಾರಿಸ್, ಕೆ.ಟಿ.ಎಂ. ಕಂಪನಿಗಳೂ ಹಿಂದುಳಿಯಲಿಲ್ಲ. ಎಲ್ಲವೂ ಸರಿಸುಮಾರು 450 ಸಿ.ಸಿ. ಎಂಜಿನ್, ಬೆಲೆ ಸುಮಾರು 7,000 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟು. ಕೊಳ್ಳುವವನು ಯಂತ್ರವನ್ನು ಅಂಕಣದಲ್ಲಿ ಓಡಿಸಿ ನೋಡಿ ಖರೀದಿಸುವ ಅವಕಾಶ ಬಲು ಅಪರೂಪ. ಹಾಗಾಗಿ ಸವಾರಿ ಪತ್ರಿಕೆಗಳು ವರ್ಷಕ್ಕೊಮ್ಮೆ ನಡೆಸುವ ಹೋಲಿಕೆ ಪರೀಕ್ಷೆಯ ಕೋಷ್ಟಕವೇ ಅವನಿಗೆ ದಾರಿದೀಪ. ಕೊನೆಯ ಸ್ಥಾನ ಪಡೆದ ಯಂತ್ರದ ದಾಸ್ತಾನು ತುಂಬಿಕೊಂಡ ಡೀಲರನಿಗೆ ಆ ಕೋಷ್ಟಕದ ಬಿಸಿ ಮೊದಲು ತಟ್ಟುತ್ತದೆ. ಅದರ ಸೈಲೆನ್ಸರ್, ಶಾಕ್ ಅಬ್ಸಾರ್ಬರ್, ಬಂಪರ್ ತಯಾರಿಸುವ ಸಣ್ಣ ಕಾರ್ಖಾನೆಗಳಿಗೆ ಆನಂತರ.

ತೂಕದ ಲೆಕ್ಕ

ಕೋಷ್ಟಕದ ಮೊದಲ ಸಾಲು ಸಾಮಾನ್ಯವಾಗಿ ತೂಕ. ಅತ್ಯಂತ ಸರಳವಾಗಿ ಕಾಣುವ ಈ ಅಂಕಿಯೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದು. ಯಮಹಾ ತನ್ನ ಮೊದಲ ವೈ.ಎಫ್.ಝಡ್.450ಕ್ಕೆ 350 ಪೌಂಡ್, ಅಂದರೆ ಸುಮಾರು 159 ಕೆ.ಜಿ. ತೂಕವನ್ನು ಘೋಷಿಸಿತ್ತು. ಅದು ಒಣ ತೂಕ; ಪೆಟ್ರೋಲು, ಆಯಿಲ್, ರೇಡಿಯೇಟರಿನ ನೀರು ಮುಂತಾದ ದ್ರವಗಳನ್ನು ಬಿಟ್ಟು ಹೇಳುವ ಲೆಕ್ಕ. ಆ ಕಾಲದಲ್ಲಿ ಬಹುತೇಕ ಎಲ್ಲ ತಯಾರಕರದೂ ಇದೇ ರೂಢಿ. ಯಾವುದನ್ನು ಬಿಡಬೇಕು, ಯಾವುದನ್ನು ಸೇರಿಸಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಕಟ್ಟುಪಾಡು ಇರಲಿಲ್ಲ.

10 ಲೀಟರ್ ಪೆಟ್ರೋಲು ಸುಮಾರು 7.4 ಕೆ.ಜಿ. ತೂಗುತ್ತದೆ. ಆಯಿಲ್, ನೀರು ಸೇರಿದರೆ ಒಣ ತೂಕಕ್ಕೂ ಓಡಲು ಸಜ್ಜಾದ ಯಂತ್ರದ ತೂಕಕ್ಕೂ 10 ಕೆ.ಜಿ. ಅಂತರ ಸುಲಭವಾಗಿ ಬರುತ್ತದೆ. ಪ್ರತಿಸ್ಪರ್ಧಿ ಯಂತ್ರಗಳ ನಡುವಿನ ನಿಜವಾದ ವ್ಯತ್ಯಾಸವೂ ಹಲವೊಮ್ಮೆ ಇದಕ್ಕಿಂತ ಕಡಿಮೆ! ಒಂದರ ಒಣ ತೂಕವನ್ನೂ ಮತ್ತೊಂದರ ಸಜ್ಜು ತೂಕವನ್ನೂ ಅಕ್ಕಪಕ್ಕದಲ್ಲಿ ಮುದ್ರಿಸಿದರೆ ಅಂಕಿಗಳೆರಡೂ ಸತ್ಯವೇ, ಹೋಲಿಕೆ ಮಾತ್ರ ಸುಳ್ಳು. ಇದಕ್ಕೆ ಪರಿಹಾರ ಬಹಳ ಅಗ್ಗದ್ದು: ಎಲ್ಲ ಟ್ಯಾಂಕುಗಳನ್ನೂ ಭರ್ತಿ ಮಾಡಿ, ಒಂದೇ ತೂಕದ ಯಂತ್ರದ ಮೇಲೆ, ಒಂದೇ ದಿನ ತೂಗುವುದು; ತಯಾರಕರ ಕೈಪಿಡಿಯ ಅಂಕಿಯನ್ನು ಕೋಷ್ಟಕಕ್ಕೆ ಇಳಿಸದಿರುವುದು.

ತೂಕದ ಅಂಕಿ ಸರಿಯಾಗಿದ್ದರೂ ಅದರ ಹಿಂದಿನ ಕಾರಣವನ್ನು ಹೇಳದಿದ್ದರೆ ಅನ್ಯಾಯವೇ. ಕವಾಸಾಕಿಯ 450ರಲ್ಲಿ ಹಿಂದಕ್ಕೆ ಚಲಿಸುವ ಗೇರ್ ಇತ್ತು. ಅದರ ಸ್ಪರ್ಧಿಗಳಲ್ಲಿ ಹಲವಕ್ಕೆ ಇರಲಿಲ್ಲ. ಆ ಗೇರಿಗೂ ತೂಕವಿದೆ, ಉಪಯೋಗವೂ ಇದೆ. ಕಾಡಿನ ಇಕ್ಕಟ್ಟಿನಲ್ಲಿ ಮರಕ್ಕೆ ಮುಖಮಾಡಿ ನಿಂತ ಸವಾರನಿಗೆ ಅದರ ಬೆಲೆ ತಿಳಿಯುತ್ತದೆ. ಅಂಕಣದ ಸ್ಪರ್ಧಿಗೆ ಅದು ಬೇಡದ ಹೊರೆ.

ಎಂಜಿನ್ ಶಕ್ತಿಯ ಅಂಕಿ

ಎಂಜಿನ್ ಶಕ್ತಿಯನ್ನು ಡೈನಮೋಮೀಟರ್ ಎಂಬ ಯಂತ್ರದ ಮೇಲೆ ಅಳೆಯುತ್ತಾರೆ. ಹಿಂದಿನ ಚಕ್ರಗಳು ಭಾರವಾದ ಉರುಳೆಯೊಂದನ್ನು ತಿರುಗಿಸುತ್ತವೆ. ಉರುಳೆ ವೇಗ ಪಡೆಯುವ ಬಗೆಯಿಂದ ಅಶ್ವಶಕ್ತಿಯನ್ನು ಲೆಕ್ಕ ಹಾಕಲಾಗುತ್ತದೆ. ಕಾರು, ಮೋಟಾರ್ ಸೈಕಲ್‌ಗಳಿಗಿಂತ ಕ್ವಾಡಿನಲ್ಲಿ ಈ ಕೆಲಸ ಕಷ್ಟ. ಮಣ್ಣಿಗೆಂದು ಮಾಡಿದ ಗಡ್ಡೆಗಡ್ಡೆಯ ಟೈರುಗಳು ಉರುಳೆಯ ಮೇಲೆ ಜಾರುತ್ತವೆ, ಕಡಿಮೆ ಗಾಳಿಯ ಟೈರು ತಾನೇ ಸ್ವಲ್ಪ ಶಕ್ತಿಯನ್ನು ನುಂಗುತ್ತದೆ, ಯಂತ್ರವನ್ನು ಬಿಗಿದು ಕಟ್ಟುವ ಪಟ್ಟಿಯ ಎಳೆತ ಬದಲಾದರೂ ಅಂಕಿ ಬದಲಾಗುತ್ತದೆ. ಚಕ್ರ ಕಳಚಿ ನೇರವಾಗಿ ಆಕ್ಸಲಿಗೆ ಜೋಡಿಸಿ ಅಳೆಯುವ ವಿಧಾನವೂ ಇದೆ. ಆದರೆ ಹಾಗೆ ಅಳೆದ ಅಂಕಿಯನ್ನು ಉರುಳೆಯ ಅಂಕಿಯೊಡನೆ ಹೋಲಿಸಲಾಗದು.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಹವಾಮಾನದ ತಿದ್ದುಪಡಿ. ಗಾಳಿ ಬಿಸಿಯಾದರೆ ಅಥವಾ ತೆಳುವಾದರೆ ಎಂಜಿನ್ ಸೊರಗುತ್ತದೆ. ಹಾಗಾಗಿ ಅಳೆದ ಅಂಕಿಯನ್ನು ಒಂದು ನಿಗದಿತ ಹವೆಗೆ ಪರಿವರ್ತಿಸುತ್ತಾರೆ. ಎಸ್.ಎ.ಇ. ಸಂಸ್ಥೆಯ ಜೆ1349 ಮಾನಕವು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡಿದೆ. ಹಳೆಯ ಮತ್ತೊಂದು ಪದ್ಧತಿಯು ಸುಮಾರು 15.5 ಡಿಗ್ರಿಯ ತಂಪು ಹವೆಯನ್ನು. ಅದೇ ಎಂಜಿನ್ನಿಗೆ ಹಳೆಯ ಪದ್ಧತಿಯ ಅಂಕಿ ಸುಮಾರು ಶೇಕಡ 4ರಷ್ಟು ಹೆಚ್ಚಾಗಿ ಬರುತ್ತದೆ. 40 ಅಶ್ವಶಕ್ತಿಯ ಎಂಜಿನ್ನಿಗೆ ಇದು ಒಂದೂವರೆಗಿಂತ ಹೆಚ್ಚು ಅಶ್ವಶಕ್ತಿಯ ಲಾಭ, ಒಂದು ಸ್ಕ್ರೂ ಕೂಡ ತಿರುಗಿಸದೆ. ಬಿಡಿಭಾಗ ಮಾರುವವರ ಜಾಹೀರಾತುಗಳಲ್ಲಿ 'ಮೊದಲು' ಎಂಬ ಅಂಕಿ ಒಂದು ಪದ್ಧತಿಯಲ್ಲಿಯೂ 'ನಂತರ' ಎಂಬುದು ಇನ್ನೊಂದರಲ್ಲಿಯೂ ಇದ್ದರೆ ಗ್ರಾಹಕನಿಗೆ ತಿಳಿಯುವ ಬಗೆಯೇ ಇಲ್ಲ.

ಎತ್ತರದ ಪ್ರಶ್ನೆಯೂ ಇದೆ. ಮಂಗಳೂರಿನ ಕಡಲತಡಿಯಲ್ಲಿ ಅಳೆದ ಎಂಜಿನ್ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ನಷ್ಟ ಎಲ್ಲ ಎಂಜಿನ್‌ಗಳಿಗೂ ಸಮನಲ್ಲ. ಸುಝುಕಿಯ 2006ರ ಯಂತ್ರಕ್ಕೆ ವಿದ್ಯುನ್ಮಾನ ಇಂಧನ ಚಿಮ್ಮುಗೆ ಇತ್ತು; ಹೋಂಡಾಕ್ಕೆ ಕಾರ್ಬ್ಯುರೇಟರ್. ಎತ್ತರದಲ್ಲಿ ಮೊದಲನೆಯದು ಪೆಟ್ರೋಲಿನ ಪ್ರಮಾಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಎರಡನೆಯದಕ್ಕೆ ಜೆಟ್ ಬದಲಿಸದಿದ್ದರೆ ಹೆಚ್ಚು ಪೆಟ್ರೋಲು ಕುಡಿದು ಕೆಮ್ಮುತ್ತದೆ. ಬೆಟ್ಟದ ಮೇಲಿನ ಅಂಕಣದಲ್ಲಿ, ಕಾರ್ಖಾನೆಯಿಂದ ಬಂದ ಜೆಟ್ಟಿನಲ್ಲೇ ಪರೀಕ್ಷೆ ನಡೆಸಿದರೆ ಫಲಿತಾಂಶ ಅರ್ಧ ಮೊದಲೇ ತೀರ್ಮಾನವಾದಂತೆ. ಬೆಟ್ಟದ ಮೇಲೆ ಪರೀಕ್ಷಿಸುವುದು ತಪ್ಪಲ್ಲ. ಎತ್ತರವನ್ನು ಬರೆಯದಿರುವುದು ತಪ್ಪು.

ಅಂಕಣದ ಮೇಲೆ

ಸ್ಪರ್ಧಾ ಕ್ವಾಡಿನ ಟೈರುಗಳಲ್ಲಿ ಗಾಳಿಯ ಒತ್ತಡ ಸುಮಾರು 4ರಿಂದ 6 ಪಿ.ಎಸ್.ಐ. ಮಾತ್ರ. ಕಾರಿನ ಟೈರಿನಲ್ಲಿ 1 ಪಿ.ಎಸ್.ಐ. ತಪ್ಪು ಗಮನಕ್ಕೂ ಬಾರದು. ಇಲ್ಲಿ ಅದು ನಾಲ್ಕರಲ್ಲಿ ಒಂದು ಭಾಗ. ಪೆಟ್ರೋಲ್ ಬಂಕಿನ ಗೇಜು ಈ ಕೆಲಸಕ್ಕೆ ಬಾರದು. ಕಡಿಮೆ ಒತ್ತಡವನ್ನೇ ಅಳೆಯಬಲ್ಲ ಪ್ರತ್ಯೇಕ ಗೇಜು ಬೇಕು. ಜೊತೆಗೆ ಈ ಯಂತ್ರಗಳ ಪೈಕಿ ಹೆಚ್ಚಿನವುಗಳ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲಿನ ಮೇಲಿರುತ್ತವೆ. ಕಾರಿನಲ್ಲಿರುವಂತೆ ಡಿಫರೆನ್ಷಿಯಲ್ ಇರುವುದಿಲ್ಲ. ಎಡಬಲ ಟೈರುಗಳ ಸುತ್ತಳತೆಯಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ವಾಹನ ಒಂದು ಬದಿಗೆ ಎಳೆಯುತ್ತದೆ. 'ಈ ಯಂತ್ರ ನೇರವಾಗಿ ಓಡುವುದಿಲ್ಲ' ಎಂಬ ಕಠೋರ ತೀರ್ಪಿನ ಹಿಂದೆ ಎಷ್ಟೋ ಸಲ ಇರುವುದು ಒಂದು ಟೈರಿನ ಗಾಳಿ.

ಮಣ್ಣಿನ ಅಂಕಣ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಇರುವುದಿಲ್ಲ. ಮುಂಜಾನೆ ನೀರು ಚಿಮುಕಿಸಿದ ನೆಲ ಹಿಡಿತ ಕೊಡುತ್ತದೆ. ಮಧ್ಯಾಹ್ನಕ್ಕೆ ಒಣಗಿ ಧೂಳಾಗುತ್ತದೆ. ತಿರುವುಗಳಲ್ಲಿ ಚಕ್ರದ ಹಳ್ಳಗಳು ಬೀಳುತ್ತವೆ. ಇತ್ತ ಸವಾರನಾದರೋ ಮೊದಲ ಯಂತ್ರದ ಮೇಲೆ ಹಾದಿ ಕಲಿಯುತ್ತಾನೆ, ಎರಡು ಮೂರನೆಯದರ ಮೇಲೆ ಮೈ ಬಿಚ್ಚಿ ಓಡಿಸುತ್ತಾನೆ, ಕೊನೆಯದರ ಹೊತ್ತಿಗೆ ತೋಳು ಸೋತಿರುತ್ತಾನೆ. ಆದ್ದರಿಂದ ಯಾವ ಯಂತ್ರ ಎಷ್ಟನೆಯ ಸರದಿಯಲ್ಲಿ ಓಡಿತು ಎಂಬುದು ಯಂತ್ರದ ಗುಣದಷ್ಟೇ ಮುಖ್ಯ. ಕೃಷಿ ವಿಜ್ಞಾನಿಗಳು ಹೊಲದ ಫಲವತ್ತತೆಯ ಏರುಪೇರು ತಳಿಯ ಇಳುವರಿಯೊಡನೆ ಬೆರೆಯದಂತೆ ತಳಿಗಳನ್ನು ಬೇರೆ ಬೇರೆ ತಾಕುಗಳಲ್ಲಿ ಸರದಿಯ ಮೇಲೆ ಬಿತ್ತುತ್ತಾರಲ್ಲವೇ, ಅದೇ ಉಪಾಯ ಇಲ್ಲಿಯೂ ಸಲ್ಲುತ್ತದೆ. ನಾಲ್ಕು ಯಂತ್ರ, ನಾಲ್ವರು ಸವಾರರಿದ್ದರೆ ಪ್ರತಿ ಯಂತ್ರವೂ ಒಮ್ಮೆ ಮೊದಲನೆಯದಾಗಿ, ಒಮ್ಮೆ ಕೊನೆಯದಾಗಿ ಓಡುವಂತೆ ಸರದಿಯನ್ನು ಹೊಂದಿಸಬೇಕು. ಬೆಳಗ್ಗೆ ಓಡಿದ ಮೊದಲ ಯಂತ್ರವನ್ನು ಸಂಜೆ ಅದೇ ಸವಾರನಿಂದ ಮತ್ತೊಮ್ಮೆ ಓಡಿಸಬೇಕು. ಅದರ ಎರಡು ಸಮಯಗಳ ನಡುವೆ ಎರಡು ಸೆಕೆಂಡು ಅಂತರ ಬಂದರೆ ಅಂಕಣ ಮತ್ತು ಸವಾರ ಸೇರಿ ಎರಡು ಸೆಕೆಂಡು ಬದಲಾಗಿದ್ದಾರೆಂದು ಅರ್ಥ; ಆ ದಿನ ಅದಕ್ಕಿಂತ ಕಡಿಮೆ ವ್ಯತ್ಯಾಸಗಳ ಬಗ್ಗೆ ಬಾಯಿ ಬಿಡುವಂತಿಲ್ಲ.

ಸವಾರರ ತೂಕವೂ ಲೆಕ್ಕಕ್ಕೆ ಬರಬೇಕು. 60 ಕೆ.ಜಿ. ಸವಾರನಿಗೆ ಹಿತವೆನಿಸುವ ಸ್ಪ್ರಿಂಗ್ 90 ಕೆ.ಜಿ. ಸವಾರನಿಗೆ ನೆಲ ಮುಟ್ಟುತ್ತದೆ. ಕಾರ್ಖಾನೆಯ ಹೊಂದಾಣಿಕೆಯಲ್ಲೇ ಒಂದು ಸುತ್ತು, ಆಮೇಲೆ ಪ್ರತಿಯೊಂದಕ್ಕೂ ಸಮಾನವಾದ ಕಾಲಾವಕಾಶ ಕೊಟ್ಟು ಸವಾರನಿಗೆ ತಕ್ಕಂತೆ ಹೊಂದಿಸಿ ಇನ್ನೊಂದು ಸುತ್ತು ನಡೆಸುವುದು ನ್ಯಾಯ. ಒಂದು ಕಂಪನಿಯ ತಂತ್ರಜ್ಞ ಸ್ಪಾನರ್ ಹಿಡಿದು ಅಂಕಣದ ಅಂಚಿನಲ್ಲಿ ನಿಂತಿದ್ದು ಮತ್ತೊಂದು ಕಂಪನಿಗೆ ಆಹ್ವಾನವೇ ಹೋಗದಿದ್ದರೆ ಅದು ಪರೀಕ್ಷೆಯಲ್ಲ. ಕ್ವಾಡಿನಲ್ಲಿ ಕಣ್ಣು ಕಟ್ಟಿ ಪರೀಕ್ಷೆ ಮಾಡುವುದು ಸಾಧ್ಯವಿಲ್ಲ, ಚಹಾದ ರುಚಿ ನೋಡುವವರಿಗಿರುವ ಆ ಅನುಕೂಲ ಇಲ್ಲಿಲ್ಲ. ಹಾಗಾಗಿ ಸವಾರರು ತಮ್ಮತಮ್ಮೊಳಗೆ ಮಾತನಾಡುವ ಮೊದಲೇ ಅಂಕಪಟ್ಟಿ ಬರೆದು ಕೊಡುವ ಕಟ್ಟುಪಾಡಾದರೂ ಇರಬೇಕು.

ಕೊನೆಗೆ ಅಂಕಗಳನ್ನು ಕೂಡುವ ಬಗೆ. ಒಂದು ಯಂತ್ರಕ್ಕೆ ಎಂಜಿನ್ನಿಗಾಗಿ 9, ಶಾಕ್ ಅಬ್ಸಾರ್ಬರಿಗಾಗಿ 6 ಅಂಕ. ಎರಡನೆಯದಕ್ಕೆ ಅನುಕ್ರಮವಾಗಿ 7 ಮತ್ತು 8 ಎಂದಿಟ್ಟುಕೊಳ್ಳೋಣ. ಕೂಡಿದರೆ ಎರಡಕ್ಕೂ 15. ಎಂಜಿನ್ನಿಗೆ ಎರಡು ಪಟ್ಟು ಬೆಲೆ ಕೊಟ್ಟರೆ 24ಕ್ಕೆ 22, ಮೊದಲನೆಯದು ಗೆದ್ದಿತು. ಶಾಕ್ ಅಬ್ಸಾರ್ಬರಿಗೆ ಕೊಟ್ಟರೆ 21ಕ್ಕೆ 23, ಎರಡನೆಯದು ಗೆದ್ದಿತು. ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಸವಾರಿಗೆ ಮೊದಲೇ ಬರೆದಿಡದೆ ಆಮೇಲೆ ನಿರ್ಧರಿಸುವವನ ಕೈಯಲ್ಲಿ ಗೆಲುವು ಸೋಲುಗಳೆರಡೂ ಇವೆ. ಯಮಹಾ ಕಂಪನಿಯೇ ಈ ಮಾತನ್ನು ಒಪ್ಪಿಕೊಂಡಂತಿದೆ: 2009ರಲ್ಲಿ ಅಂಕಣದ ಓಟಕ್ಕೆಂದು ಅಗಲವಾದ ವೈ.ಎಫ್.ಝಡ್.450ಆರ್ ತಂದು, ಮರುವರ್ಷವೇ ಕಾಡುದಾರಿಗೆಂದು ಸುಮಾರು ಮೂರು ಅಂಗುಲ ಕಿರಿದಾದ 450ಎಕ್ಸ್ ಮಾದರಿಯನ್ನು ಬಿಟ್ಟಿತು. ಅಗಲವಾದದ್ದು ತಿರುವಿನಲ್ಲಿ ಸ್ಥಿರ, ಕಿರಿದಾದದ್ದು ಮರಗಳ ನಡುವೆ ಸಲೀಸು. ಒಂದೇ ಅಂಕಣದಲ್ಲಿ ಎರಡನ್ನೂ ಓಡಿಸಿ ಯಾವುದು ಉತ್ತಮವೆಂದು ಕೇಳುವುದು ಪ್ರಶ್ನೆಯಲ್ಲೇ ಇರುವ ದೋಷ.

ಯಾರ ಯಂತ್ರ, ಯಾರ ಹಣ

ಸವಾರಿ ಪತ್ರಿಕೆಗಳಿಗೆ ಯಂತ್ರಗಳು ಬರುವುದು ಸಾಮಾನ್ಯವಾಗಿ ತಯಾರಕರಿಂದ, ಎರವಲಾಗಿ. ಅದೇ ತಯಾರಕರು ಅದೇ ಸಂಚಿಕೆಯ ಜಾಹೀರಾತುದಾರರು. ಎರವಲು ಬಂದ ಯಂತ್ರವು ಮಳಿಗೆಯಲ್ಲಿ ಸಿಗುವ ಯಂತ್ರವೇ, ಅಥವಾ ಕೈಯಾರೆ ಆಯ್ದು ಅಣಿಗೊಳಿಸಿದ್ದೇ ಎಂಬುದನ್ನು ಹೇಳುವುದು ಕಠಿಣ. ಕೆಡುಕು ಯೋಚಿಸಬೇಕಾಗಿಲ್ಲ, ತನ್ನ ಮಗಳನ್ನು ನೋಡಲು ಬರುವವರ ಮುಂದೆ ಯಾರಾದರೂ ಸಿಂಗರಿಸಿಯೇ ಕಳಿಸುತ್ತಾರೆ.

ಅಮೆರಿಕದಲ್ಲಿ 1936ರಲ್ಲಿ ಆರಂಭವಾದ ಕನ್ಸ್ಯೂಮರ್ಸ್ ಯೂನಿಯನ್ ಸಂಸ್ಥೆಯು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಗಾಗಿ ಬೇರೆಯೇ ದಾರಿ ಹಿಡಿಯಿತು: ತಯಾರಕರ ಜಾಹೀರಾತು ಬೇಡ, ಪರೀಕ್ಷೆಯ ವಸ್ತುವನ್ನು ಹೆಸರು ಹೇಳದೆ ಅಂಗಡಿಯಿಂದಲೇ ಕೊಳ್ಳುವುದು. ಜರ್ಮನಿಯಲ್ಲಿ 1964ರಲ್ಲಿ ಸ್ಥಾಪಿತವಾದ ಶ್ಟಿಫ್ಟುಂಗ್ ವಾರೆನ್‌ಟೆಸ್ಟ್ ಕೂಡ ಅಂಗಡಿಯ ಮಾಲನ್ನೇ ಹೀಗೆ ಕೊಳ್ಳುತ್ತದೆ. ಖರ್ಚು ಬಹಳ. ಆರು ಸ್ಪರ್ಧಾ ಕ್ವಾಡುಗಳನ್ನು ಕೊಳ್ಳಲು 2008ರಲ್ಲಿ 40,000 ಡಾಲರಿಗೂ ಮೀರಿ ಬೇಕಾಗುತ್ತಿತ್ತು. ಸಣ್ಣ ಪತ್ರಿಕೆಗೆ ಅದು ಎಟುಕದ ಮಾತು. ಎರವಲು ತಂದದ್ದನ್ನು ಎರವಲು ಎಂದೇ ಮುದ್ರಿಸುವುದಕ್ಕೆ ಮಾತ್ರ ಖರ್ಚೇನೂ ಇಲ್ಲ.

ಸ್ವತಂತ್ರವಾಗಿದ್ದ ಮಾತ್ರಕ್ಕೆ ಪರೀಕ್ಷೆ ನಿರ್ದೋಷಿಯಾಗುವುದಿಲ್ಲ ಎಂಬುದಕ್ಕೆ ಅದೇ ಸಂಸ್ಥೆಯ ಇತಿಹಾಸದಲ್ಲಿ ಸಾಕ್ಷ್ಯವಿದೆ. 1988ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಸುಝುಕಿಯ ಸಮುರಾಯ್ ಜೀಪನ್ನು ಹಠಾತ್ ತಿರುವಿನ ಪರೀಕ್ಷೆಯಲ್ಲಿ ಮಗುಚುವಂತೆ ವಾಲಿತೆಂದು 'ಸ್ವೀಕಾರಾರ್ಹವಲ್ಲ' ಎಂದು ವರ್ಗೀಕರಿಸಿತು. ವಾಹನದ ಮಾರಾಟ ಕುಸಿಯಿತು. ಮೊದಲಿನ ಹಾದಿಯಲ್ಲಿ ವಾಹನ ತೇರ್ಗಡೆಯಾಗಿತ್ತು, ಆಮೇಲೆ ಹಾದಿಯನ್ನು ಬದಲಿಸಿ ವಾಲಿಸಲಾಯಿತು ಎಂಬುದು ಸುಝುಕಿಯ ಆರೋಪ. ಬದಲಾವಣೆಗೆ ತಾಂತ್ರಿಕ ಕಾರಣವಿತ್ತು, ಪರೀಕ್ಷೆ ಸಾಚಾ ಎಂಬುದು ಸಂಸ್ಥೆಯ ವಾದ. 1996ರಲ್ಲಿ ಸುಝುಕಿ ದಾವೆ ಹೂಡಿತು. ಕೆಳ ನ್ಯಾಯಾಲಯ ವಜಾ ಮಾಡಿದರೂ 2002ರಲ್ಲಿ ಮೇಲ್ಮನವಿ ನ್ಯಾಯಾಲಯವು ಪ್ರಕರಣವನ್ನು ತೀರ್ಪುಗಾರರ ಮುಂದೆ ತರಬಹುದೆಂದಿತು. 2004ರಲ್ಲಿ ಹಣದ ವಿನಿಮಯವಿಲ್ಲದೆ ರಾಜಿಯಾಯಿತು. ಯಾರು ಸರಿ ಎಂಬುದು ಇಂದಿಗೂ ಚರ್ಚೆಯ ವಿಷಯ. ಹಾದಿಯ ಅಳತೆಯನ್ನು ಮೊದಲೇ ಬರೆದು ಮುದ್ರೆ ಒತ್ತಿ ಇಟ್ಟಿದ್ದರೆ, ಬದಲಿಸಿದಾಗ ಎಲ್ಲ ವಾಹನಗಳನ್ನೂ ಮರಳಿ ಹೊಸ ಹಾದಿಯಲ್ಲೇ ಓಡಿಸಿದ ದಾಖಲೆ ಇದ್ದಿದ್ದರೆ, ಎಂಟು ವರ್ಷದ ವ್ಯಾಜ್ಯ ಇಷ್ಟು ದೂರ ಹೋಗುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು.

ಇದಕ್ಕೆ ವ್ಯತಿರಿಕ್ತವಾದ ಪ್ರಸಂಗ 2007ರ ಜನವರಿಯದು. ಮಕ್ಕಳ ಕಾರ್ ಸೀಟುಗಳ ಬಗೆಗಿನ ಅದೇ ಪತ್ರಿಕೆಯ ಪರೀಕ್ಷೆಯಲ್ಲಿ, ಗಂಟೆಗೆ 38 ಮೈಲಿಯ ಡಿಕ್ಕಿಗೆ ಸಮನೆಂದು ಹೇಳಲಾಗಿದ್ದ ಪ್ರಯೋಗವು ವಾಸ್ತವವಾಗಿ 70 ಮೈಲಿಗೂ ಮೀರಿದ ವೇಗವನ್ನು ಹೋಲುತ್ತಿತ್ತೆಂದು ಸರ್ಕಾರಿ ಸುರಕ್ಷತಾ ಇಲಾಖೆ ತೋರಿಸಿಕೊಟ್ಟಿತು. ಪ್ರಕಟವಾಗಿ ಎರಡು ವಾರಗಳಾಗುವಷ್ಟರಲ್ಲಿ ಪತ್ರಿಕೆಯು ವರದಿಯನ್ನೇ ಹಿಂಪಡೆಯಿತು.

ಸವಾರನಿಲ್ಲದ ಪರೀಕ್ಷೆ

ಕ್ವಾಡ್ ಬೈಕಿನ ಬಗ್ಗೆ ಅತ್ಯಂತ ಗಂಭೀರವಾದ ತುಲನಾತ್ಮಕ ಪರೀಕ್ಷೆ ನಡೆದದ್ದು ಪತ್ರಿಕೆಗಳ ಅಂಕಣದಲ್ಲಲ್ಲ, ಆಸ್ಟ್ರೇಲಿಯಾದ ಪ್ರಯೋಗಶಾಲೆಯಲ್ಲಿ. ಅಲ್ಲಿನ ಹೊಲ, ದನಗಾವಲುಗಳಲ್ಲಿ ಕ್ವಾಡ್ ಮಗುಚಿ ರೈತರು ಸಾಯುವುದು ಪ್ರತಿವರ್ಷದ ದುರಂತವಾಗಿತ್ತು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರ ದಶಕದ ಪೂರ್ವಾರ್ಧದಲ್ಲಿ ಕೆಲಸದ ಕ್ವಾಡ್, ಸ್ಪರ್ಧಾ ಕ್ವಾಡ್ ಮತ್ತು ಪಕ್ಕಪಕ್ಕದ ಆಸನಗಳ ವಾಹನಗಳನ್ನು ಸಾವಿರಕ್ಕೂ ಹೆಚ್ಚು ಬಾರಿ ಪರೀಕ್ಷಿಸಿದರು. ಅವುಗಳಲ್ಲಿ ಮುಖ್ಯವಾದುದು ವಾಲುಮೇಜಿನ ಪರೀಕ್ಷೆ. ವಾಹನವನ್ನು ದೊಡ್ಡ ಮೇಜಿನ ಮೇಲೆ ನಿಲ್ಲಿಸಿ ಮೇಜನ್ನು ಮೆಲ್ಲನೆ ಓರೆ ಮಾಡುತ್ತ ಹೋಗುವುದು. ಮೇಲಿನ ಚಕ್ರಗಳು ಎಷ್ಟು ಡಿಗ್ರಿಗೆ ಮೇಜನ್ನು ಬಿಡುತ್ತವೆಯೋ ಅದೇ ಅದರ ಅಂಕಿ. ಸವಾರನ ಚಾತುರ್ಯ, ಹವೆ, ಅಂಕಣ, ಬಣ್ಣ ಯಾವುದೂ ಇಲ್ಲಿ ಕೈಯಾಡಿಸುವಂತಿಲ್ಲ. ನಾಳೆ ಮತ್ತೊಬ್ಬರು ಮತ್ತೊಂದು ಊರಿನಲ್ಲಿ ಮಾಡಿದರೂ ಅಂಕಿ ಸರಿಸುಮಾರು ಅದೇ ಬರುತ್ತದೆ.

2019ರಲ್ಲಿ ಆಸ್ಟ್ರೇಲಿಯಾ ಸರ್ಕಾರವು ಕ್ವಾಡ್ ಬೈಕ್ ಸುರಕ್ಷತಾ ಮಾನಕವನ್ನು ಕಡ್ಡಾಯಗೊಳಿಸಿತು. 2020ರ ಅಕ್ಟೋಬರಿನಿಂದ ಈ ವಾಲುಕೋನವನ್ನು ಮಾರಾಟದ ಸ್ಥಳದಲ್ಲೇ ವಾಹನಕ್ಕೆ ಚೀಟಿ ಕಟ್ಟಿ ತೋರಿಸಬೇಕಾಯಿತು. 2021ರ ಅಕ್ಟೋಬರಿನಿಂದ ಸಾಮಾನ್ಯ ಬಳಕೆಯ ಕ್ವಾಡುಗಳಿಗೆ ಪಕ್ಕಕ್ಕೆ ವಾಲುವಲ್ಲಿ ಕನಿಷ್ಠ 28.8 ಡಿಗ್ರಿಯ ಸ್ಥಿರತೆಯನ್ನೂ, ಮಗುಚಿದಾಗ ಸವಾರನನ್ನು ಕಾಪಾಡುವ ಚೌಕಟ್ಟನ್ನೂ ವಿಧಿಸಲಾಯಿತು. ಹೋಂಡಾ, ಯಮಹಾ, ಪೋಲಾರಿಸ್ ಮೊದಲಾದ ದೊಡ್ಡ ಕಂಪನಿಗಳು ಚೌಕಟ್ಟಿನ ನಿಯಮವನ್ನು ವಿರೋಧಿಸಿ ಆ ದೇಶದ ಕ್ವಾಡ್ ಮಾರುಕಟ್ಟೆಯಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿದವು. ಚೌಕಟ್ಟಿನ ಬಗ್ಗೆ ವಾದವಿವಾದಗಳಿದ್ದವು. ವಾಲುಮೇಜಿನ ಅಂಕಿಯಾದರೋ ಅಂಗಡಿಗೆ ಬಂದ ರೈತನ ಕಣ್ಣಿಗೆ ಬಿದ್ದಾಗಿತ್ತು.

ನಮ್ಮ ಕಾನೂನು ಹೇಳುವುದೇನು

ತಮ್ಮ ಉತ್ಪನ್ನವನ್ನು ಪೈಪೋಟಿಯ ಉತ್ಪನ್ನದೊಡನೆ ಹೋಲಿಸಿ ಜಾಹೀರಾತು ನೀಡುವುದು ನಮ್ಮ ದೇಶದಲ್ಲಿ ನಿಷಿದ್ಧವಲ್ಲ. 1985ರಲ್ಲಿ ರಚನೆಯಾದ ಭಾರತೀಯ ಜಾಹೀರಾತು ಮಾನಕ ಮಂಡಳಿಯ ಸಂಹಿತೆಯು ಹೋಲಿಕೆಗೆ ಅವಕಾಶವಿತ್ತು ಕೆಲವು ಷರತ್ತುಗಳನ್ನು ಹಾಕಿದೆ: ಯಾವ ಅಂಶವನ್ನು ಹೋಲಿಸಲಾಗಿದೆ ಎಂಬುದು ಸ್ಪಷ್ಟವಿರಬೇಕು, ತನಗೆ ಕೃತಕ ಲಾಭ ಬರುವಂತೆ ಅಂಶವನ್ನು ಆರಿಸಿಕೊಳ್ಳಬಾರದು, ಹೇಳಿದ್ದಕ್ಕೆ ಆಧಾರವಿರಬೇಕು, ಎದುರಾಳಿಯನ್ನು ಅನ್ಯಾಯವಾಗಿ ಹೀಗಳೆಯಬಾರದು. ಒಣ ತೂಕ, ಸಜ್ಜು ತೂಕಗಳ ಬೆರಕೆಯು ಈ ಷರತ್ತುಗಳ ಮುಂದೆ ನಿಲ್ಲಲಾರದು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಜೂನ್‌ನಲ್ಲಿ ಹೊರಬಿದ್ದ ಮಾರ್ಗಸೂಚಿಯಲ್ಲಿ ಸಣ್ಣ ತಯಾರಕರು ಗಮನಿಸಲೇಬೇಕಾದ ಎರಡು ಅಂಶಗಳಿವೆ. ಸ್ವತಂತ್ರ ಪರೀಕ್ಷೆಯನ್ನು ಆಧರಿಸಿದ ಹೇಳಿಕೆಯಾದರೆ ಆ ಪರೀಕ್ಷೆಯ ಮೂಲವನ್ನೂ ದಿನಾಂಕವನ್ನೂ ಜಾಹೀರಾತಿನಲ್ಲೇ ಸೂಚಿಸಬೇಕು. ಷರತ್ತಿನ ಒಕ್ಕಣೆಯು ಹೇಳಿಕೆ ಇರುವ ಭಾಷೆಯಲ್ಲೇ ಇರಬೇಕು. ದೊಡ್ಡ ಅಕ್ಷರದಲ್ಲಿ ಕನ್ನಡದ ಭರವಸೆ ನೀಡಿ ಕೆಳಗೆ ಇರುವೆಗಾತ್ರದ ಇಂಗ್ಲಿಷಿನಲ್ಲಿ ಷರತ್ತು ಹಾಕುವ ಪರಿಪಾಠ ಇನ್ನು ನಡೆಯದು.

ಶಾಕ್ ಅಬ್ಸಾರ್ಬರ್, ಪಂಪ್‌ಸೆಟ್, ಮಿಕ್ಸರ್ ಯಾವುದೇ ಆಗಲಿ, ಪರೀಕ್ಷೆಯನ್ನು ಐ.ಎಸ್.ಒ./ಐ.ಇ.ಸಿ. 17025 ಮಾನಕಕ್ಕನುಗುಣವಾಗಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಿದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದೆಂಬ ಅಂಕಿಯನ್ನೂ ಕೇಳಿ ಪಡೆಯಬಹುದು. ಬೆಂಗಳೂರಿನಲ್ಲಿಯೇ ವಿದ್ಯುತ್ ಉಪಕರಣಗಳಿಗೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಯಂತ್ರಾಂಶಗಳ ಅಳತೆಗೆ ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಗಳಿವೆ. ವರದಿ ಕೈಗೆ ಬಂದೊಡನೆ ನಮ್ಮವರು ಮೊದಲು ಹುಡುಕುವುದು ತಮ್ಮ ಅಂಕಿ ಎದುರಾಳಿಗಿಂತ ಮೇಲಿದೆಯೇ ಎಂದು. ಹುಡುಕಬೇಕಾದದ್ದು ಆ ಹೆಚ್ಚುಕಡಿಮೆಯ ಅಂಕಿಯನ್ನು. ಎದುರಾಳಿಗಿಂತ ಶೇಕಡ 2 ಮೇಲು, ಅಳತೆಯ ಹೆಚ್ಚುಕಡಿಮೆ ಶೇಕಡ 3 ಎಂದಾದರೆ ಜಾಹೀರಾತಿನ ಮಸೂದೆಯನ್ನು ಮಡಿಸಿಡುವುದು ಕ್ಷೇಮ.

ಅಮೆರಿಕದ 450 ಸಿ.ಸಿ. ಪೈಪೋಟಿ ಬಹುಕಾಲ ಬಾಳಲಿಲ್ಲ. 2008ರ ಆರ್ಥಿಕ ಕುಸಿತದ ನಂತರ ಮಾರಾಟ ಇಳಿಯಿತು. ಕಂಪನಿಗಳು ಒಂದೊಂದಾಗಿ ಈ ವರ್ಗವನ್ನು ಕೈಬಿಟ್ಟವು. 2010ರ ದಶಕದ ಮಧ್ಯಭಾಗದ ಹೊತ್ತಿಗೆ ಜಪಾನಿನ ನಾಲ್ಕು ಕಂಪನಿಗಳ ಪೈಕಿ ಯಮಹಾ ಒಂದೇ ಅಲ್ಲಿ ಉಳಿದಿತ್ತು. ಆಗಿನ ಹೋಂಡಾ, ಸುಝುಕಿ, ಕವಾಸಾಕಿ ಯಂತ್ರಗಳು ಈಗ ಕೈಯಿಂದ ಕೈಗೆ ಹಳೆಯ ಮಾಲಾಗಿ ಮಾರಾಟವಾಗುತ್ತವೆ. ಕೊಳ್ಳುವವನು ಇಪ್ಪತ್ತು ವರ್ಷ ಹಿಂದಿನ ಹೋಲಿಕೆ ಕೋಷ್ಟಕವನ್ನು ಹುಡುಕಿ ಮುಂದಿಟ್ಟುಕೊಳ್ಳುತ್ತಾನೆ. ಒಂದೆರಡು ದಿನದ ಸವಾರಿಯಿಂದ ಹುಟ್ಟಿದ ಆ ಕೋಷ್ಟಕದಲ್ಲಿ ಎಂಜಿನ್ ಎಷ್ಟು ವರ್ಷ ಬಾಳುತ್ತದೆ, ಬಿಡಿಭಾಗ ಎಲ್ಲಿಯವರೆಗೆ ದೊರೆಯುತ್ತದೆ ಎಂಬುದಕ್ಕೆ ಸಾಲೇ ಇಲ್ಲ. ಅವನಿಗೆ ಈಗ ಬೇಕಾಗಿರುವುದು ಅವೆರಡೇ.